ಅಜ್ಜಿ ಕೊಟ್ಟ ಕೆಮ್ಮು

ಖೊಹ್, ಖೊಹ್, ಖೊಹ್! ಮಹಡಿಯ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಕೆಮ್ಮಿ, ಪ್ರಾಣಾಯಾಮಕ್ಕೆ ಕಣ್ಣು ಮುಚ್ಚಿದರು. ಊರಿನ ಯೋಗ ತರಗತಿಗಳಲ್ಲೆಲ್ಲ ಇದೇ ಪದ್ಧತಿ, ಕಲಿಸುವವರೆಲ್ಲ ಅಜ್ಜಿಯ ಶಿಷ್ಯರೇ. ಅಜ್ಜಿ ಈಗ ಪಾಠವನ್ನು ಸೊಸೆಗೆ ಬಿಟ್ಟು ಕಿಟಕಿಯ ಬಳಿ ಕೂರುತ್ತಾರೆ. ಕೆಮ್ಮಿದರೆ ಎದೆಯ ಬೀಗ ತೆರೆಯುತ್ತದೆ ಎಂಬ ವಿವರಣೆ ಮಾತ್ರ ಸೊಸೆಯ ಸ್ವಂತದ್ದು. ಅತ್ತೆಯನ್ನು ಕೇಳುವ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ.

ಹೊಸದಾಗಿ ಸೇರಿದ ದರ್ಜಿ ಅಜ್ಜಿಯನ್ನೇ ಕೇಳಿಬಿಟ್ಟ. "ಅಮ್ಮಾ, ಈ ಕೆಮ್ಮು ಯಾಕೆ?"

ಅಜ್ಜಿ ಕಿಟಕಿಯಿಂದ ಅವನತ್ತ ತಿರುಗಿದರು.

"ನಿಮ್ಮ ಟೀಚರ್ ಏನಂದ್ಲು?"

"ಎದೆಯ ಬೀಗ ತೆರೆಯುತ್ತಂತೆ."

"ಹೌದಾ? ನನಗೆ ಗೊತ್ತೇ ಇರ್ಲಿಲ್ಲ ನೋಡು! ಆಗ ಕೆಳಗೆ ಹಿಟ್ಟಿನ ಗಿರಣಿ ಇತ್ತು. ಧೂಳು ಕುಡಿದು ನಾನು ಕೆಮ್ತಿದ್ದೆ. ಅದನ್ನ ನೋಡಿ ಈ ಕೋತಿಗಳೂ ಕೆಮ್ಮೋಕೆ ಶುರು ಮಾಡಿದ್ವು."

ಇಡೀ ತರಗತಿ ಸೊಸೆಯತ್ತ ತಿರುಗಿತು. ಅವಳ ಮುಖ ಕೆಂಪೇರಿತು.

"ಅತ್ತೆ, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಎಲ್ಲರಿಗಿಂತ ನೀನೇ ಭಕ್ತಿಯಿಂದ ಕೆಮ್ತಿದ್ದೆ ಕಣೇ. ನೋಡೋಕೆ ಚೆನ್ನಾಗಿತ್ತು."

"ಹಾಗಾದ್ರೆ ನಾಳೆಯಿಂದ ಕೆಮ್ಮೋದಾ, ಬೇಡ್ವಾ?" ಎಂದ ದರ್ಜಿ.

"ಅತ್ತೆ, ನೀವೇ ಹೇಳಿ. ನನ್ನ ಮಾತನ್ನ ಇನ್ನು ಯಾರು ನಂಬ್ತಾರೆ?"

"ಟೀಚರ್ ನೀನೋ ನಾನೋ?" ಎನ್ನುತ್ತ ಅಜ್ಜಿ ಚಪ್ಪಲಿ ಮೆಟ್ಟಿದರು.

"ನಿಲ್ಲಿ ಅತ್ತೆ, ಒಂದೇ ಒಂದು ಮಾತು..."

ಅಷ್ಟರಲ್ಲಿ ಅವರು ಮೆಟ್ಟಿಲಿಳಿದು ಬೀದಿ ಸೇರಿದ್ದರು.