ಅಕ್ಕನಿಗಾಗಿ ಕಟ್ಟಿದ ಗಾಡಿ

ನಮ್ಮ ಊರಿನ ರಸ್ತೆ ತಾನಾಗಿ ಹಾಳಾದದ್ದಲ್ಲ. ಅದನ್ನು ಹಾಳು ಮಾಡಲಾಯಿತು. ಕಲ್ಲು ಕ್ವಾರಿಗೆ ಪರವಾನಗಿ ಕೊಟ್ಟವರು, ಆ ಕ್ವಾರಿಯ ಟಿಪ್ಪರುಗಳು ಮಿತಿಮೀರಿದ ಭಾರ ಹೊತ್ತು ಓಡಾಡುವುದನ್ನು ಕಂಡೂ ಕಾಣದವರಂತೆ ಇದ್ದವರು, ದುರಸ್ತಿ ಮುಗಿದಿದೆ ಎಂದು ಕಾಗದದ ಮೇಲೆ ಸಹಿ ಹಾಕಿದವರು, ಇವರೆಲ್ಲರೂ ಅದಕ್ಕೆ ಹೊಣೆ. ಇವರಲ್ಲಿ ಒಬ್ಬರೂ ಆ ರಸ್ತೆಯಲ್ಲಿ ತುಂಬು ಬಸುರಿಯೊಬ್ಬಳನ್ನು ಕರೆತಂದವರಲ್ಲ. ನನ್ನ ಅಪ್ಪ ಕರೆತಂದ. ಅದಕ್ಕಾಗಿ ಅವನು ಒಂದು ಗಾಡಿಯನ್ನೇ ಕಟ್ಟಬೇಕಾಯಿತು. ಆ ಗಾಡಿ ಈಗ ಸರ್ಕಾರದ ವಶದಲ್ಲಿದೆ. ರಸ್ತೆ ಇದ್ದ ಹಾಗೆಯೇ ಇದೆ.

ಸಾವನದುರ್ಗದ ಬಂಡೆ ಅಡ್ಡವಿರುವುದರಿಂದ ನಮ್ಮ ಊರಿಗೆ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ. ನಾನು ಹೈಸ್ಕೂಲಿಗೆ ಹೋಗುವಾಗ ಮಾಗಡಿಯಿಂದ ಬಸ್ಸೂ ಬರುತ್ತಿತ್ತು. ಆಮೇಲೆ ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದವು, ಬೆಂಗಳೂರಿಗೆ ಬೇಕಾದ ಜಲ್ಲಿಗೆ ಲೆಕ್ಕವಿಲ್ಲದಂತಾಯಿತು, ನಮ್ಮ ಗೋಮಾಳದ ಅಂಚಿನಲ್ಲಿ ಕ್ರಷರ್ ಕುಳಿತಿತು. ಟಿಪ್ಪರಿನ ಗಾಲಿಗಳು ಹೆದ್ದಾರಿಯ ತಿರುವಿನಿಂದ ಊರಿನವರೆಗೆ ಎರಡು ಉದ್ದನೆಯ ಕಾಲುವೆಗಳನ್ನು ತೋಡಿದವು. ಬಸ್ಸು ನಿಂತಿತು. ಹಾಲಿನ ವ್ಯಾನು ತಿರುವಿನಲ್ಲೇ ನಿಲ್ಲತೊಡಗಿತು. ರಾಮನಗರದ ಮಾರುಕಟ್ಟೆಗೆ ಹೋಗಬೇಕಾದ ರೇಷ್ಮೆಗೂಡಿನ ಚೀಲಗಳನ್ನು ಜನ ತಿರುವಿನವರೆಗೆ ತಲೆಯ ಮೇಲೆ ಹೊತ್ತರು. ಯಾರೂ ಜಗಳವಾಡಲಿಲ್ಲ. ಹೊರುವುದು ಒಮ್ಮೆ ಅಭ್ಯಾಸವಾದರೆ ಅದೂ ಒಂದು ಕೆಲಸವೆನ್ನಿಸಿಬಿಡುತ್ತದೆ.

ಅಕ್ಕನನ್ನು ಚನ್ನಪಟ್ಟಣಕ್ಕೆ ಕೊಟ್ಟಿದ್ದೆವು. ಭಾವ ಅಲ್ಲಿ ಲೇತಿನ ಮುಂದೆ ಕುಳಿತು ಮರದ ಆಟಿಕೆಗಳನ್ನು ಕಡೆಯುತ್ತಾನೆ. ತಂಗಿಯಾದ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದ ವರ್ಷ ಅಕ್ಕ ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆ ಕೇಳಿ ಒಪ್ಪಿಸಿಕೊಳ್ಳುವ ಮಾತಲ್ಲ. ಅವ್ವ ಬಾಣಂತನಕ್ಕೆಂದು ನಡುಮನೆಯ ಒಂದು ಮೂಲೆಗೆ ಆಗಲೇ ಸುಣ್ಣ ಬಳಿದಿದ್ದಳು. ಸೀಮಂತ ಮುಗಿದ ಮೇಲೆ ಅಕ್ಕನನ್ನು ಕರೆತರಲು ಅಪ್ಪನ ಜೊತೆ ನಾನೂ ಚನ್ನಪಟ್ಟಣಕ್ಕೆ ಹೋದೆ. ಅಕ್ಕನ ಅತ್ತೆ ಕಾಫಿ ಕೊಟ್ಟು, ಎದುರಿಗೆ ಕುಳಿತು, ಆಗುವುದಿಲ್ಲವೆಂದರು.

“ಕಳ್ಸಾಕಿಲ್ಲ ಅಂತ ಅಲ್ಲ ಬೀಗ್ರೇ. ಗೌರಿ ಹಬ್ಬಕ್ಕೆ ನಿಮ್ಮೂರ್ಗೆ ಆಟೋದಲ್ಲಿ ಬಂದಾಗ್ಲೇ ನನ್ ಸೊಂಟ ಕಳಚ್ಕಂಡಂಗಾಯ್ತು. ಈ ಮಗ ಎಂಗ್ ಬಂದಾಳು? ನೋವು ಕಾಣಿಸ್ಕಂಡ್ರೆ ಆಸ್ಪತ್ರೆಗೆ ಎಂಗ್ ಹೋದಾಳು?”

“ದಾರಿ ಸರಿ ಮಾಡ್ತಾರೆ ಬೀಗಿತ್ತೆಮ್ಮ,” ಎಂದ ಅಪ್ಪ.

“ಯಾರು?”

ಅಪ್ಪ ಕಾಫಿಯ ಲೋಟ ಕೆಳಗಿಟ್ಟು ಎದ್ದ. ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾವು ಹೊರಟಾಗ ಅಕ್ಕ ಹೊಸಿಲಿಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಅವ್ವಂಗೆ ಬ್ಯಾಸ್ರ ಮಾಡ್ಕಬ್ಯಾಡ ಅನ್ನಪ್ಪ. ಇಲ್ಲೂ ಚೆಂದಾಗೇ ನೋಡ್ಕತಾರೆ,” ಎಂದಳು. ಹೇಳುವಾಗ ಅವಳು ನಮ್ಮಿಬ್ಬರನ್ನೂ ನೋಡಲಿಲ್ಲ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಮಾಗಡಿಯಲ್ಲಿ ಇಳಿದವನು ಮನೆಗೆ ಬರದೆ ನೇರ ತನ್ನ ಲಾರಿ ದುರಸ್ತಿ ಅಂಗಡಿಗೆ ನಡೆದ. ಅಲ್ಲಿ ಚಿಕ್ಕಪ್ಪ ಲಾರಿಯೊಂದರ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದ. ಅಪ್ಪ ಅವನ ಕಾಲನ್ನು ತನ್ನ ಕಾಲಿನಿಂದ ತಟ್ಟಿ, “ದಾರಿ ನಮ್ ಕೈಲಿಲ್ಲ ಕಣ್ಲಾ. ಗಾಡಿ ನಮ್ ಕೈಲೈತೆ,” ಎಂದ.

ಅಪ್ಪನದು ಲಾರಿಯ ಗಾಲಿಗಳ ಮೇಲೆ ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳನ್ನು ಕಟ್ಟುವ ಕೆಲಸ. ಭಾರಕ್ಕೆ ಜಗ್ಗಿದ ಲಾರಿಗಳ ಪಟ್ಟಿ ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ, ಬಡಿದು, ಮತ್ತೆ ಬಾಗು ಕೊಟ್ಟು ಜೋಡಿಸುವುದು. ನಮ್ಮ ರಸ್ತೆಯನ್ನು ತಿಂದ ಟಿಪ್ಪರುಗಳೇ ಅವನ ಅಂಗಡಿಗೆ ಬರುತ್ತಿದ್ದವು, ಅವೇ ನನ್ನನ್ನು ಓದಿಸಿದವು. ಇದನ್ನು ನಾನು ಮರೆಮಾಚುವುದಿಲ್ಲ.

ಬಿಡದಿ ಕಡೆಯ ಕಾರ್ಖಾನೆಯೊಂದು ಗುಜರಿಗೆ ಹಾಕಿದ್ದ ಮಧ್ಯಮ ಗಾತ್ರದ ಪಿಕಪ್ ವ್ಯಾನೊಂದನ್ನು ಚಿಕ್ಕಪ್ಪ ಎಳೆಸಿಕೊಂಡು ಬಂದ. ಎಂಜಿನ್ ಗಟ್ಟಿಯಾಗಿತ್ತು, ಉಳಿದದ್ದರ ಬಗ್ಗೆ ಮಾತಾಡುವಂತಿರಲಿಲ್ಲ. ಅದಕ್ಕೆ ಹಳೆಯ ಜೀಪೊಂದರ ಮುಂದಿನ ಆಕ್ಸಲನ್ನು ಜೋಡಿಸಿ ನಾಲ್ಕು ಗಾಲಿಗೂ ಎಳೆತ ಬರುವಂತೆ ಮಾಡಿದರು. ಟಿಪ್ಪರು ತೋಡಿದ ಕಾಲುವೆಯ ನಡುವಿನ ದಿಬ್ಬ ಹೊಟ್ಟೆಗೆ ತಾಗಬಾರದೆಂದು ಗಾಡಿಯನ್ನು ಎತ್ತರಿಸಿದರು, ದಪ್ಪ ಹಲ್ಲಿನ ದೊಡ್ಡ ಟೈರು ಕೂರಲೆಂದು ಮಡ್‌ಗಾರ್ಡುಗಳನ್ನು ಕತ್ತರಿಸಿದರು. ಚಾಸಿಗೂ, ಎಂದರೆ ಕೆಳಗಿನ ಉಕ್ಕಿನ ಚೌಕಟ್ಟಿಗೂ, ಬಾಡಿಗೂ ನಡುವೆ ಇಟ್ಟ ರಬ್ಬರ್ ದಿಂಡುಗಳು ಕ್ರಷರಿನವರು ಎಸೆದ ಜಲ್ಲಿ ಸಾಗಿಸುವ ಕನ್ವೇಯರ್ ಬೆಲ್ಟಿನಿಂದ ಕೊಯ್ದು ತೆಗೆದಂಥವು. ಮಳೆಯಲ್ಲಿ ಗುಂಡಿಯ ನೀರು ಬಾನೆಟ್ಟಿನವರೆಗೆ ಬರುತ್ತದೆಂದು ಎಂಜಿನ್ ಉಸಿರಾಡುವ ಕೊಳವೆಗೆ ಬೋರ್‌ವೆಲ್ ಪೈಪಿನ ತುಂಡು ಸೇರಿಸಿ ಮೇಲಕ್ಕೆ, ಚಾವಣಿಯ ಮಟ್ಟಕ್ಕೆ ಒಯ್ದರು. ಅದನ್ನು ನೋಡಿದ ಪಕ್ಕದ ಟೀ ಅಂಗಡಿಯವನು, “ಏನ್ಲಾ, ಒಲೆ ಹಚ್ತೀರಾ ಒಳ್ಗೆ?” ಎಂದು ಚಿಕ್ಕಪ್ಪನನ್ನು ಕೇಳಿದ. “ನಿನ್ ಟೀಗಿಂತ ಚೆಂದಾಗ್ ಕಾಯ್ತದೆ ಬುಡ್ಲಾ,” ಎಂದ ಚಿಕ್ಕಪ್ಪ.

ಭಾನುವಾರ ಭಾವ ಬಂದ. ತನ್ನ ತಾಯಿಯ ಮಾತಿಗೆ ಎದುರಾಡುವವನಲ್ಲ ಅವನು. ಕೈಚೀಲದಿಂದ ಆಟಿಕೆಗೆ ಬಳಸುವ ಆಲೆ ಮರದ ಎರಡು ವಸ್ತು ತೆಗೆದು ಅಪ್ಪನ ಮುಂದೆ ಇಟ್ಟ. ಒಂದು, ಗೇರ್ ಕೋಲಿನ ತುದಿಯ ಗುಬುಟು. ಇನ್ನೊಂದು, ಅಕ್ಕ ಕೂರುವ ಕಡೆ ಹಿಡಿದುಕೊಳ್ಳಲು ಮೊಳದುದ್ದದ ಹಿಡಿಕೆ. ಎರಡಕ್ಕೂ ಕೆಂಪು ಅರಗಿನ ಬಣ್ಣ, ತಾಳೆಗರಿಯಿಂದ ಉಜ್ಜಿ ತಂದ ಹೊಳಪು. “ಅವಳ ಕೈ ಅಳತೆಗೇ ಕಡ್ದಿವ್ನಿ ಮಾವ,” ಎಂದಷ್ಟೇ ಹೇಳಿದ. ಅಳತೆಯನ್ನು ಹೇಗೆ ತೆಗೆದುಕೊಂಡೆ ಎಂದು ಚಿಕ್ಕಪ್ಪ ಕೇಳಿದಾಗ ಅವನ ಕಿವಿ ಅರಗಿನ ಬಣ್ಣಕ್ಕೆ ತಿರುಗಿತು.

ನಿಯಮದ ಮಾತೂ ನಮಗೆ ಗೊತ್ತಿತ್ತು. ಗಾಡಿಯ ರೂಪ ಬದಲಿಸಿದರೆ ಅದನ್ನು ದಾಖಲೆಯಲ್ಲಿ ಸೇರಿಸಬೇಕು. ನಾನೇ ಸಾರಿಗೆ ಕಚೇರಿಗೆ ಹೋಗಿ ಕೇಳಿದೆ. ತಯಾರಿಸಿದ ಕಂಪನಿಯಿಂದ ಪತ್ರ ತನ್ನಿ ಎಂದರು. ಆಕ್ಸಲ್ ಒಂದು ಕಂಪನಿಯದು, ಬಾಡಿ ಇನ್ನೊಂದರದು, ಯಾವ ಕಂಪನಿ ಎಂದೆ. ಎರಡೂ ಕಂಪನಿಗಳಿಂದ ತನ್ನಿ ಎಂದರು. ಗಾಡಿಯನ್ನು ಒಮ್ಮೆ ನೋಡಿ, ಬ್ರೇಕು ಪರೀಕ್ಷೆ ಮಾಡಿ, ಸುರಕ್ಷಿತವೋ ಅಲ್ಲವೋ ಹೇಳಿ ಎಂದು ಬರೆದುಕೊಟ್ಟ ಅರ್ಜಿಗೆ ಇಂದಿಗೂ ಉತ್ತರವಿಲ್ಲ.

ಗಾಡಿ ಸಿದ್ಧವಾದ ದಿನ ಅಪ್ಪನ ಮುಖದಲ್ಲಿ ಗೆಲುವಿತ್ತು. ಅವ್ವ ಮಾತ್ರ ಒಪ್ಪಲಿಲ್ಲ. ಮನೆಯಲ್ಲಿ ಆಗ ರೇಷ್ಮೆಹುಳು ಹಣ್ಣಾಗಿದ್ದವು. ಗೂಡು ಕಟ್ಟಲೆಂದು ಅವನ್ನು ಚಂದ್ರಿಕೆಗೆ, ಎಂದರೆ ಬಿದಿರಿನ ಸುರುಳಿ ಹೆಣೆದ ಚಾಪೆಗೆ, ಬಿಡುತ್ತಿದ್ದೆವು. ಅವ್ವ ಹುಳು ಹತ್ತಿದ ಒಂದು ಚಂದ್ರಿಕೆಯನ್ನು ಎತ್ತಿಸಿ ಪಿಕಪ್ಪಿನ ಹಿಂದೆ ಓರೆಯಾಗಿ ನಿಲ್ಲಿಸಿದಳು.

“ಅತ್ಗೆಮ್ಮ, ಹುಳಕ್ಕೂ ಟಿಕೀಟ್ ತಗೀಬೇಕಾ?” ಎಂದ ಚಿಕ್ಕಪ್ಪ.

“ನೀನು ಸುಮ್ಕೆ ಓಡ್ಸು. ಬಸ್ರಿ ಕೂತವ್ಳೆ ಅಂದ್ಕಂಡು ಓಡ್ಸು.”

ತಿರುವಿನವರೆಗೆ ಹೋಗಿ ಬಂದೆವು. ಗಾಡಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ಎಲ್ಲಿಯೂ ಜಾರಲಿಲ್ಲ. ಆದರೆ ಹಿಂದೆ ಕುಳಿತಿದ್ದ ನನ್ನ ಹಲ್ಲಿಗೆ ಹಲ್ಲು ತಾಗಿತು. ಊರಿಗೆ ಬಂದು ನೋಡಿದರೆ ಚಂದ್ರಿಕೆ ಬರಿದಾಗಿತ್ತು. ಹುಳುಗಳೆಲ್ಲ ತಗಡಿನ ಮೇಲೆ ಬಿದ್ದು ತಲೆಯೆತ್ತಿ ಹುಡುಕಾಡುತ್ತಿದ್ದವು. ಅವ್ವ ಅವನ್ನು ಒಂದೊಂದಾಗಿ ಎತ್ತಿ ಮತ್ತೆ ಸುರುಳಿಯೊಳಗೆ ಬಿಡುತ್ತ, ಅಪ್ಪನಿಗೆ ಹೇಳಿದಳು: “ಇವ್ಕೆ ಮೈತುಂಬ ಕಾಲು. ಇವ್ಕೇ ಹಿಡ್ಕಣಾಕಾಗ್ನಿಲ್ಲ. ನನ್ ಮಗ್ಳು ಎರಡು ಕೈಲಿ ಏನ್ ಹಿಡ್ಕಂಡಾಳು?”

ಅಪ್ಪ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಪಟ್ಟಿಗಳನ್ನು ಕೈಯಿಂದ ಒತ್ತಿ ನೋಡಿದ. ಆಮೇಲೆ ತನಗೆ ತಾನೇ ಎಂಬಂತೆ, “ಜಲ್ಲಿ ಹೊರೋ ಗಾಡೀಗೆ ಕಟ್ದಂಗೆ ಕಟ್ಬುಟ್ಟಿವ್ನಿ,” ಎಂದ. ಜೀವಮಾನವಿಡೀ ಕಲ್ಲಿನ ಭಾರಕ್ಕೆ ಪಟ್ಟಿ ಕಟ್ಟಿದ ಕೈ. ಪಟ್ಟಿಯ ಮೇಲೆ ಪಟ್ಟಿ ಹೇರಿತ್ತು. ಟನ್ನುಗಟ್ಟಲೆ ಜಲ್ಲಿ ತುಂಬಿದ್ದರೆ ಆ ಸ್ಪ್ರಿಂಗು ಮೆತ್ತಗಾಗುತ್ತಿತ್ತೋ ಏನೋ. ಒಬ್ಬ ಹೆಂಗಸಿನ ಭಾರಕ್ಕೆ ಅದು ಬಗ್ಗುವಂತಿರಲಿಲ್ಲ. ಮರುದಿನ ಅಪ್ಪ ಪಟ್ಟಿಗಳನ್ನು ಬಿಚ್ಚಿ ದಪ್ಪನೆಯವನ್ನೆಲ್ಲ ತೆಗೆದುಹಾಕಿದ. ಉದ್ದನೆಯ ತೆಳು ಪಟ್ಟಿಗಳನ್ನು ಹೊಸದಾಗಿ ಬಾಗಿಸಿದ. ಅವ್ವ ಹೊಸದಾಗಿ ಹಣ್ಣಾದ ಹುಳುಗಳ ಚಂದ್ರಿಕೆ ಇಟ್ಟಳು. ಹುಳು ಬಿದ್ದವು. ಮತ್ತೆ ಬಿಚ್ಚಿದ. ನನಗೆ ನೆನಪಿರುವುದು ಆ ದಿನಗಳ ಶಾಂತಿ. ಇಬ್ಬರೂ ಒಬ್ಬರನ್ನೊಬ್ಬರು ದೂರಲಿಲ್ಲ. ಅವಳು ತಲೆಯಾಡಿಸುವಳು, ಅವನು ಸ್ಪ್ಯಾನರ್ ಎತ್ತಿಕೊಳ್ಳುವನು. ಕೊನೆಗೊಂದು ಮಧ್ಯಾಹ್ನ ತಿರುವಿನಿಂದ ಹಿಂದಿರುಗಿದಾಗ ಹುಳುಗಳು ಸುರುಳಿಯೊಳಗೇ ಇದ್ದವು. ಕೆಲವು ಆಗಲೇ ಎಳೆ ಬಿಡತೊಡಗಿದ್ದವು. ಅವ್ವ ಬಗ್ಗಿ ನೋಡಿ, “ಓಗಿ, ಕರ್ಕಂಬನ್ನಿ,” ಎಂದಳು.

ಚನ್ನಪಟ್ಟಣದಲ್ಲಿ ಅಕ್ಕನ ಅತ್ತೆ ತಾವೇ ಗಾಡಿ ಹತ್ತಿ ಕುಳಿತು, ಇಳಿದು, ಒಪ್ಪಿದರು. ದಾರಿಯುದ್ದಕ್ಕೂ ಅಕ್ಕ ಕೆಂಪು ಹಿಡಿಕೆಯನ್ನು ಹಿಡಿದಿದ್ದಳು. ಹೆದ್ದಾರಿ ಬಿಟ್ಟು ತಿರುವಿನಲ್ಲಿ ಇಳಿದಾಗ ಗಾಡಿ ಒಂದು ಪಕ್ಕಕ್ಕೆ ಬಾಗಿ, ನಿಧಾನವಾಗಿ ಎದ್ದು, ಇನ್ನೊಂದು ಪಕ್ಕಕ್ಕೆ ಬಾಗಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಚಿಕ್ಕಪ್ಪ ಹೆದರಿ, “ಏನಾಯ್ತವ್ವ?” ಎಂದ. “ಏನಿಲ್ಲ ಚಿಗಪ್ಪ. ತೊಟ್ಲಲ್ಲಿ ಕುಂತಂಗೈತೆ,” ಎಂದಳು. ಅಪ್ಪ ಮುಂದೆ ನೋಡುತ್ತಿದ್ದ. ಅವನ ಕತ್ತಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು, ಅದರಲ್ಲೇ ಅವನ ಸಂತೋಷ ತಿಳಿಯುತ್ತಿತ್ತು.

ಅದೇ ಗಾಡಿ ನೋವು ಬಂದ ದಿನ ಅವಳನ್ನು ಮಾಗಡಿಯ ಆಸ್ಪತ್ರೆಗೆ ಮುಟ್ಟಿಸಿತು. ಹೆಣ್ಣುಮಗು. ಹೊಲಿಗೆ ಹಾಕಿದ್ದರು, ಮೈ ಅಲುಗಿಸಬೇಡಿ ಎಂದು ಹೇಳಿ ಮನೆಗೆ ಕಳುಹಿಸಿದರು. ಭಾವನೂ ಬಂದಿದ್ದ. ಊರಿನ ತಿರುವಿಗೆ ಇನ್ನೂ ದೂರವಿರುವಾಗಲೇ ಹೆದ್ದಾರಿಯಲ್ಲಿ ವಾಹನ ತಪಾಸಣೆಯವರು ಕೈ ಅಡ್ಡ ಹಿಡಿದರು. ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ಎತ್ತರ ದಾಖಲೆಯಲ್ಲಿಲ್ಲ, ಟೈರು ದಾಖಲೆಯಲ್ಲಿಲ್ಲ, ಆಕ್ಸಲ್ ದಾಖಲೆಯಲ್ಲಿಲ್ಲ ಎಂದರು. ಎಲ್ಲವೂ ನಿಜ. ನಾನು ಅರ್ಜಿಯ ವಿಷಯ ಹೇಳಿದೆ. ಬಾಣಂತಿಯನ್ನು ಮನೆಗೆ ಬಿಟ್ಟು ಗಾಡಿಯನ್ನು ನಾವೇ ತಂದೊಪ್ಪಿಸುತ್ತೇವೆ ಎಂದೆ. ಅದಕ್ಕೆ ಅವಕಾಶವಿಲ್ಲವೆಂದು ಗಾಡಿಯನ್ನು ಅಲ್ಲೇ ವಶಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಜಲ್ಲಿ ಚೆಲ್ಲುತ್ತ ಟಿಪ್ಪರೊಂದು ಹಾದುಹೋಯಿತು.

“ಸಾರ್, ಅದ್ನೂ ಒಸಿ ನಿಲ್ಸಿ ನೋಡಿ,” ಎಂದ ಚಿಕ್ಕಪ್ಪ.

“ಅದು ಬೇರೆ ವಿಷ್ಯ,” ಎಂದರು ಅಧಿಕಾರಿ.

ತಿರುವಿನವರೆಗೆ ಆಟೋ ಸಿಕ್ಕಿತು. ಅಲ್ಲಿಂದ ಮುಂದೆ ಆಟೋದವನು ಬರಲೊಪ್ಪಲಿಲ್ಲ. ಭಾವನೂ ಚಿಕ್ಕಪ್ಪನೂ ಅಕ್ಕನ ಎರಡು ತೋಳುಗಳನ್ನು ಹಿಡಿದರು. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಹಾಸಿ ಮಗುವನ್ನು ಎತ್ತಿಕೊಂಡ. ನಾನು ಅವನ ಪಕ್ಕದಲ್ಲಿ ನಡೆಯುತ್ತಿದ್ದೆ. ಅವನು ಮೊಣಕಾಲು ಬಗ್ಗಿಸಿ, ಹೆಜ್ಜೆ ಊರುವ ಮೊದಲು ನೆಲವನ್ನು ಪಾದದಿಂದ ಸವರಿ, ಸೊಂಟದ ಮೇಲಿನ ಭಾಗ ಅಲುಗದಂತೆ ನಡೆದ. ಗುಂಡಿಯೊಂದನ್ನು ದಾಟುವಾಗ ಮಗು ಮುಖ ಕಿವುಚಿತು. “ಒಸಿ ಅಲ್ಲಾಡ್ತದೆ ಕಣವ್ವ,” ಎಂದ ಅಪ್ಪ, “ಈ ಗಾಡೀಗೆ ವಯಸ್ಸಾಗೈತೆ.” ಹಿಂದಿನಿಂದ ಟಿಪ್ಪರು ಹಾರ್ನ್ ಮಾಡಿತು. ನಾವೆಲ್ಲರೂ ಲಂಟಾನದ ಪೊದೆಗೆ ಒತ್ತಿ ನಿಂತೆವು. ಧೂಳು ಇಳಿಯುವವರೆಗೆ ಅಪ್ಪ ರಸ್ತೆಗೆ ಬೆನ್ನು ಮಾಡಿ, ಮಗುವಿನ ಮೇಲೆ ಕವಿದುಕೊಂಡಿದ್ದ.

ಮನೆ ಮುಟ್ಟುವಷ್ಟರಲ್ಲಿ ಅಕ್ಕನ ಹೊಲಿಗೆ ಬಿಚ್ಚಿ ಸೀರೆ ತೊಯ್ದಿತ್ತು. ವಾಸಿಯಾಗಲು ಬಾಣಂತನ ಪೂರ್ತಿ ಹಿಡಿಯಿತು. ನರ್ಸಮ್ಮ ತಿರುವಿನಿಂದ ನಡೆದು ಬಂದು ಕಟ್ಟು ಬದಲಿಸುತ್ತಿದ್ದರು. ಗಂಡನ ಮನೆಗೆ ಹೊರಟ ದಿನ ಅಕ್ಕ ಅದೇ ದಾರಿಯಲ್ಲಿ ಮಗುವನ್ನು ಎತ್ತಿಕೊಂಡು ನಡೆದು, ತಿರುವಿನಲ್ಲಿ ನಿಂತು ನನಗೆ ಹೇಳಿದಳು: “ಇನ್ ನಾನು ಬರಾಕಿಲ್ಲ ಕಣೆ. ನೀವೇ ಬಂದು ನೋಡ್ಕಂಡು ಓಗಿ.” ಕೋಪದಿಂದ ಹೇಳಿದ್ದಲ್ಲ. ಜೊತೆಗೆ ಬಂದಿದ್ದ ಅವ್ವ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ಅಕ್ಕ ಬಂದಿಲ್ಲ.

ನಿಯಮ ತಪ್ಪೆಂದು ನಾನು ವಾದಿಸುತ್ತಿಲ್ಲ. ನಿಯಮ ನಮಗೊಂದು, ಟಿಪ್ಪರಿಗೊಂದು ಏಕೆ ಎಂಬುದು ನನ್ನ ಪ್ರಶ್ನೆ. ಆದ್ದರಿಂದ ರಸ್ತೆ, ಗಣಿ ಮತ್ತು ವಾಹನಗಳ ಹೊಣೆ ಹೊತ್ತ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು: ನಮ್ಮ ರಸ್ತೆಯ ದುರಸ್ತಿ ಮುಗಿದಿದೆ ಎಂದು ಸಹಿ ಮಾಡಿದವರು ಯಾರು, ಏನನ್ನು ನೋಡಿ ಮಾಡಿದರು ಎಂಬುದನ್ನು ತಿಳಿಸಿ. ಆ ದಾರಿಯಲ್ಲಿ ಹಾದುಹೋಗುವ ಟಿಪ್ಪರುಗಳನ್ನು ತೂಗಿ, ಮಿತಿ ಮೀರಿದವನ್ನು ನಮ್ಮ ಗಾಡಿಯನ್ನು ತಡೆದಷ್ಟೇ ಖಚಿತವಾಗಿ ತಡೆಯಿರಿ. ಬಸ್ಸು ಊರಿನವರೆಗೆ ಬರುವಂತೆ ರಸ್ತೆಯನ್ನು ಕಟ್ಟಿಕೊಡಿ. ಅದು ಆಗುವವರೆಗೆ ನನ್ನ ಅಪ್ಪನ ಗಾಡಿಯನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ, ದೋಷವಿದ್ದರೆ ಏನೆಂದು ಹೇಳಿ, ಇಲ್ಲವಾದರೆ ನೋಂದಾಯಿಸಿ ಹಿಂದಿರುಗಿಸಿ. ಇವುಗಳಿಗೆ ಲಿಖಿತ ಉತ್ತರವನ್ನೂ ಕೆಲಸ ಆರಂಭವಾಗುವ ದಿನಾಂಕವನ್ನೂ, ಎಲ್ಲರೂ ಓದುವಂತೆ, ನಮ್ಮ ಊರಿನ ಹಾಲಿನ ಡೈರಿಯ ಗೋಡೆಗೆ ಅಂಟಿಸಬೇಕೆಂದು ಕೋರುತ್ತೇನೆ.