ನಾನು ಸುಮ್ಮನಾಗಿಸಿದ ಮೂರು ಶನಿವಾರ

ಜೇವರ್ಗಿಯ ನಮ್ಮ ಶನಿವಾರದ ಆಟದ ಕೂಟದಲ್ಲಿ ಇದ್ದವರು ನಾಲ್ಕೇ ಜನ. ಔಷಧಿ ಅಂಗಡಿಯವರು ಒಬ್ಬರು. ಅವರ ಅಂಗಡಿಯ ಮೇಲಿನ ಕೋಣೆಯಲ್ಲೇ ನಾವು ಸೇರುತ್ತಿದ್ದುದು. ಅಫಜಲಪುರದವರಾಗಿದ್ದು ಇಲ್ಲಿನ ದವಾಖಾನೆಯಲ್ಲಿ ದುಡಿದು ನಿವೃತ್ತರಾದ ನರ್ಸಕ್ಕ ಇನ್ನೊಬ್ಬರು. ಮೂರನೆಯವರು ಬಸ್ ನಿಲ್ದಾಣದ ಕಂಟ್ರೋಲರ್ ಸಾಹೇಬರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಮೈಕಿನಲ್ಲಿ ಕೂಗುವುದು ಅವರ ಕೆಲಸ. ನಾಲ್ಕನೆಯವನು ನಾನು, ಕಾಲೇಜಿನಲ್ಲಿ ಗಣಿತ ಹೇಳುವವನು. ಹೊಸ ಹೊಸ ಬೋರ್ಡ್ ಗೇಮ್ ತರಿಸುವುದು, ನಿಯಮ ಓದಿಕೊಳ್ಳುವುದು, ಕಲಿಸುವುದು, ಆಟ ಮುಗಿದ ಮೇಲೆ ಕಾಯಿ ಎಣಿಸಿ ಡಬ್ಬಿಗೆ ಹಾಕುವುದು, ಮತ್ತು ಇವೆಲ್ಲದರ ಬಗ್ಗೆ ಚಿಂತೆ ಮಾಡುವುದು ನನ್ನ ಪಾಲಿಗಿತ್ತು. ಕೊನೆಯದನ್ನು ಯಾರೂ ನನಗೆ ವಹಿಸಿರಲಿಲ್ಲ.

ಬುಧವಾರದಿಂದಲೇ ನನ್ನ ಚಿಂತೆ ಶುರುವಾಗುತ್ತಿತ್ತು. ಇಂಗ್ಲಿಷಿನಲ್ಲಿರುವ ನಿಯಮಗಳ ಪುಸ್ತಿಕೆಯನ್ನು ಮೂರು ಸಲ ಓದಿ, ಕನ್ನಡದಲ್ಲಿ ಎರಡು ಹಾಳೆ ಬರೆದುಕೊಂಡು, ನಾಷ್ಟಾದ ಹೊತ್ತಿಗೆ ಹೆಂಡತಿಯ ಮುಂದೆ ಒಮ್ಮೆ ಹೇಳಿ ನೋಡುತ್ತಿದ್ದೆ. "ನನಗ್ಯಾಕ ಹೇಳ್ತೀರಿ? ಉಪ್ಪಿಟ್ಟು ಆರಾಕತ್ತದ ನೋಡ್ರಿ" ಎನ್ನುತ್ತಿದ್ದಳು. ಒಂದು ಆಟದಲ್ಲಿ ಎರಡು ಕಾಯಿ ಕಳೆದುಹೋದಾಗ ಅವುಗಳ ಬದಲಿಗೆ ತೊಗರಿ ಕಾಳು ಇಟ್ಟು, ಕಾಳಿಗೆ ಹುಳ ಬಿದ್ದೀತೆಂದು ತಿಂಗಳುಗಟ್ಟಲೆ ಯೋಚಿಸಿದವನು ನಾನು.

ಇಷ್ಟು ತಯಾರಾಗಿ ಹೋಗಿ "ಮೊದಲನೇ ನಿಯಮ" ಎನ್ನುವಷ್ಟರಲ್ಲಿ ಕಂಟ್ರೋಲರ್ ಸಾಹೇಬರು ಖಾಲಿ ಸ್ಟೀಲ್ ಲೋಟವನ್ನು ಬಾಯಿಗೆ ಹಿಡಿಯುತ್ತಿದ್ದರು.

"ಪ್ರಯಾಣಿಕರ ಗಮನಕ್ಕೆ! ಸರ ಹಾಳಿ ತೆಗದಾರ. ಗಾಡಿ ಹೊರಡೋದು ಅರ್ಧ ತಾಸು ತಡ ಆಗ್ತದ. ನೀರು ಕುಡಿಯೋರು ಕುಡ್ಕೊಂಡು ಬರ್ರಿ."

ನಮ್ಮ ಮೇಜಿನ ಮೇಲೆ ಕಾಯಿಗಳಿಗೆ ಬಣ್ಣದ ಹೆಸರಿರಲಿಲ್ಲ. ಪ್ರತಿಯೊಬ್ಬರ ಕಾಯಿಗೂ ಸಾಹೇಬರೊಂದು ಊರು ಕೊಟ್ಟಿದ್ದರು. ನರ್ಸಕ್ಕನದು ಅಫಜಲಪುರ ಗಾಡಿ. ಔಷಧಿ ಅಂಗಡಿಯವರದು ನರೋಣಾ ಗಾಡಿ, ಅದು ಅವರ ಮಾವನ ಊರೆಂಬ ಕಾರಣಕ್ಕೆ. ನನ್ನದು ಹಿರೋಳ್ಳಿ.

"ಭಾಯಿ, ಇಲ್ಲಿಂದ ಹಿರೋಳ್ಳಿಗೆ ಸೀದಾ ಬಸ್ಸೇ ಇಲ್ಲಲ್ರಿ" ಎಂದು ಒಮ್ಮೆ ತಕರಾರು ಮಾಡಿದ್ದೆ.

"ಅದಕ್ಕ ಕೊಟ್ಟೀನ್ರಿ ಸರ. ಬರಂಗೇ ಇಲ್ಲ ಅಂತ ಗೊತ್ತಿದ್ರ ಕಾಯೋರಿಗೆ ತ್ರಾಸಿಲ್ಲ."

"ಮತ್ತ ನಿಮ್ಮದು?"

"ನಂದು ಡಿಪೋ ಗಾಡಿ. ಬೋರ್ಡ್ ಇಲ್ಲ."

ಆಮೇಲೆ ಆಟದ ಉದ್ದಕ್ಕೂ ಅದೇ. "ಅಫಜಲಪುರ ಗಾಡಿ ಮೂರು ಮನಿ ಮುಂದ ಹೋಗ್ಯಾದ! ನರೋಣಾ ಗಾಡಿ ಟೈರ್ ಬಿಚ್ಚಿ ಕುಂತದ, ಮಾವನ ಮನಿಯಿಂದ ಜಾಕ್ ತರಿಸ್ರಿ! ಹಿರೋಳ್ಳಿ ಡ್ರೈವರ್ ಇನ್ನಾ ರೂಲ್ ಓದಾಕತ್ತಾನ!" ನರ್ಸಕ್ಕ ನಗುನಗುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ನನ್ನ ಹಾಳೆಯ ಎರಡನೇ ಪುಟ ಎಂದೂ ಪೂರ್ತಿ ಮುಗಿಯುತ್ತಿರಲಿಲ್ಲ. "ರೂಲ್ ಮುಗಿಯೋತನಕ ಸುಮ್ನ ಕೂಡ್ರಿ ಭಾಯಿ" ಎಂದು ಎಷ್ಟು ಶನಿವಾರ ಹೇಳಿದ್ದೇನೋ.

ಒಂದು ಬೇಸಿಗೆಯಲ್ಲಿ ಸಾಹೇಬರ ದನಿ ಒಡೆಯಿತು. ಡೀಸೆಲ್ ಹೊಗೆ ಎಂದರು. ಮೂರನೇ ವಾರ ನರ್ಸಕ್ಕ ಕೈಯಲ್ಲಿದ್ದ ದಾಳ ಕೆಳಗಿಟ್ಟು, "ಹೊಗಿ ಇಷ್ಟು ದಿನ ಗಂಟಲದಾಗ ಇರಂಗಿಲ್ಲ ಭಾಯಿ. ಸೋಮವಾರ ನನ್ನ ಜೋಡಿ ಕಲಬುರಗಿಗೆ ಬರ್ರಿ" ಎಂದರು. ಅದು ಕೇಳಿದ್ದಲ್ಲ, ಅಪ್ಪಣೆ. ಕಲಬುರಗಿಯ ಡಾಕ್ಟರರು ಕ್ಯಾನ್ಸರ್ ಎಂದು ಸೊಲ್ಲಾಪುರಕ್ಕೆ ಕಳಿಸಿದರು. ಸೊಲ್ಲಾಪುರದಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು.

ಅದರ ಅರ್ಥವೇನೆಂದು ನರ್ಸಕ್ಕ ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಕುತ್ತಿಗೆಯ ಬುಡದಲ್ಲಿ ಒಂದು ತೂತು ಇರುತ್ತದೆ, ಉಸಿರಾಟವೆಲ್ಲ ಅಲ್ಲಿಂದ. ಇನ್ನು ದನಿ ಇಲ್ಲ. ನಕ್ಕರೂ ಸದ್ದಿರುವುದಿಲ್ಲ, ಅತ್ತರೂ ಇರುವುದಿಲ್ಲ. ನಿಲ್ದಾಣದಲ್ಲಿ ಅವರಿಗೆ ಒಳಗಿನ ಕೋಣೆಯಲ್ಲಿ ಬರೆಯುವ ಕೆಲಸ ಕೊಟ್ಟರು. ಮೈಕು ಬೇರೆಯವರ ಕೈಗೆ ಹೋಯಿತು.

ಎರಡು ತಿಂಗಳ ಮೇಲೆ ಅವರಿಂದ ನನ್ನ ಫೋನಿಗೆ ಒಂದು ಸಾಲು ಬಂತು: "ಶನಿವಾರ ಬರ್ತೇನಿ."

ಸಂತೋಷಪಡಬೇಕಿತ್ತು. ನಾನು ತಯಾರಿಗೆ ಇಳಿದೆ. ಅವರ ಸರದಿ ಬಂದಾಗ ಮಾತಾಡಬೇಕಾದರೆ? ಚೌಕಾಸಿಯ ಆಟವಾದರೆ? ಹುಡುಕಿ ಹುಡುಕಿ, ಆಡುವವರು ಬಾಯಿ ತೆರೆಯಲೇಬಾರದೆಂಬ ನಿಯಮವಿರುವ ಒಂದು ಆಟ ತರಿಸಿದೆ. ದಪ್ಪ ಕಾಗದದ ಚೀಟಿ ಕತ್ತರಿಸಿ "ಹೌದು", "ಬೇಡ", "ನನ್ನ ಸರದಿ", "ನೀರು ಕೊಡಿ" ಎಂದು ದುಂಡಗೆ ಬರೆದೆ. ಉಳಿದಿಬ್ಬರನ್ನೂ ಕರೆದು ತಾಕೀತು ಮಾಡಿದೆ.

"ಯಾರೂ ಕಾಡಬ್ಯಾಡ್ರಿ, ಜೋರಾಗಿ ನಗಬ್ಯಾಡ್ರಿ. ಗಾಡಿ ಅನ್ನೋ ಮಾತೇ ಎತ್ತಬ್ಯಾಡ್ರಿ. ಭಾಯಿಗೆ ಹಿಂದಿಂದೆಲ್ಲಾ ನೆನಪಾಗ್ತದ."

"ಅವರಿಗೆ ಮರ್ತಿರ್ತದೇನ್ರಿ ಸರ?" ಎಂದರು ಔಷಧಿ ಅಂಗಡಿಯವರು.

ಆ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಹುಡುಕಿದ್ದರೆ ಆಗುತ್ತಿತ್ತು. ನನಗೆ ಚೀಟಿಗಳ ಅಂಚು ಸಮ ಮಾಡುವುದು ಬಾಕಿ ಇತ್ತು.

ಅವರು ಬಂದರು. ಸೊರಗಿಹೋಗಿದ್ದರು, ಕೊರಳಿಗೆ ತೆಳು ಟವೆಲು ಸುತ್ತಿದ್ದರು. ನನ್ನ ಚೀಟಿಗಳನ್ನು ಒಂದೊಂದಾಗಿ ನೋಡಿ, ಹಾಗೇ ಜೋಡಿಸಿ ಮೇಜಿನ ಮೂಲೆಗೆ ಇಟ್ಟರು. ನಿಯಮಗಳನ್ನೂ ನಾನು ಬಾಯಲ್ಲಿ ಹೇಳಲಿಲ್ಲ, ಬರೆದ ಹಾಳೆ ಎಲ್ಲರಿಗೂ ಹಂಚಿದೆ. ಆಟ ನಡೆಯಿತು. ಫ್ಯಾನಿನ ಸದ್ದು, ವಿಜಯಪುರದ ಕಡೆ ಹೋಗುವ ಲಾರಿಗಳ ಹಾರ್ನು, ಕಾಯಿ ಇಟ್ಟಾಗಿನ ಟಕ್. ಕಿಟಕಿಯಿಂದ ನಿಲ್ದಾಣದ ಮೈಕು ಕೇಳುತ್ತಿತ್ತು. ಹೊಸಬರು ಯಾವುದೋ ಬಸ್ಸಿನ ಪ್ಲಾಟ್‌ಫಾರ್ಮ್ ತಪ್ಪು ಹೇಳಿರಬೇಕು, ಸಾಹೇಬರು ತಟ್ಟನೆ ತಲೆ ಎತ್ತಿ ಒಂದು ಬೆರಳು ಮೇಲೆತ್ತಿದರು. ಆಮೇಲೆ ಬೆರಳನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ.

ಎರಡನೇ ಶನಿವಾರವೂ ಹೀಗೇ. ಮೂರನೆಯದರಲ್ಲಿ ಅವರು ಗೆದ್ದರು. ಯಾರೂ ಏನೂ ಅನ್ನಲಿಲ್ಲ. ನರ್ಸಕ್ಕ ನನ್ನ ಮುಖ ನೋಡಿದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಚಹಾ ಬರುವ ಮೊದಲೇ ಸಾಹೇಬರು ಎದ್ದು ಹೋದರು. ನಾಲ್ಕನೇ ಶನಿವಾರ ಬರಲಿಲ್ಲ.

ಆಟ ಕಠಿಣವಾಯಿತೇನೋ ಎಂದುಕೊಂಡೆ. ಇನ್ನೂ ಸುಲಭದ್ದೊಂದನ್ನು, ಅದೂ ಮಾತಿಲ್ಲದ್ದೇ, ಬಗಲಲ್ಲಿಟ್ಟುಕೊಂಡು ಭಾನುವಾರ ಅವರ ಮನೆಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ, ನಾವೆಲ್ಲ ಭಾಭಿ ಎನ್ನುವವರು, ದನಿ ತಗ್ಗಿಸಿ ಕೇಳಿದರು.

"ಸರ, ಅಲ್ಲಿ ಏನಾಗ್ಯಾದ್ರಿ? ಸೊಲ್ಲಾಪುರದಿಂದ ಬಂದಾಗೂ ಇವರು ಇಷ್ಟು ಸೋತಿರ್ಲಿಲ್ಲ. ಶನಿವಾರ ನಿಮ್ಮಲ್ಲಿಂದ ಬಂದ್ರ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾರ."

ಒಳಗೆ ಅವರು ಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಅಕ್ಷರ ತಿದ್ದುವ ಪಾಟಿ, ಬಳಪ. ನನ್ನ ಬಗಲಿನ ಡಬ್ಬಿಯನ್ನು ನೋಡಿದರು. ಪಾಟಿ ಎತ್ತಿಕೊಂಡು ಬರೆದರು: "ಆವಾಜ್ ಹೋಗಿದ್ದು ನಂದು. ನೀವ್ಯಾಕ ಸುಮ್ನಾದ್ರಿ?"

ಟವೆಲಿನ ತುದಿಯಿಂದ ಒರೆಸಿ ಮತ್ತೆ ಬರೆದರು: "ಕಿವಿ ಇನ್ನಾ ಛಲೋ ಅವ."

ನಾನು ಏನೋ ಹೇಳಲು ಹೊರಟೆ. ಕೈ ಎತ್ತಿ ತಡೆದರು. ಮೂರನೆಯ ಸಲ ಬರೆಯಲು ತುಸು ಹೊತ್ತು ಹಿಡಿಯಿತು, ಪಾಟಿ ಚಿಕ್ಕದು, ಅಕ್ಷರ ಸಣ್ಣವಾದವು: "ಮನ್ಯಾಗ ವಾರ ಪೂರ್ತಿ ಎಲ್ಲಾರೂ ಮೆಲ್ಲಕ ಮಾತಾಡ್ತಾರ. ಅಲ್ಲಿಯಾದ್ರೂ ಗದ್ದಲ ಇರ್ತದ ಅಂತ ಬರ್ತಿದ್ದೆ."

ಇಪ್ಪತ್ತೈದು ವರ್ಷ ತರಗತಿಯಲ್ಲಿ ಮಾತಾಡಿ ಹೊಟ್ಟೆ ಹೊರೆದ ನಾನು ಬಗಲಿನ ಡಬ್ಬಿಯನ್ನು ಬೆನ್ನ ಹಿಂದೆ ಮರೆಮಾಡಿದೆ. ನನ್ನ ಅವಸ್ಥೆ ನೋಡಲಾರದೆಯೋ ಏನೋ, ಅವರೇ ಪಾಟಿ ಒರೆಸಿ ದೊಡ್ಡದಾಗಿ ಬರೆದು ತೋರಿಸಿದರು: "ಹಿರೋಳ್ಳಿ ಗಾಡಿ. ಲೇಟ್."

ಮುಂದಿನ ಶನಿವಾರ ಹಳೆಯ, ಗದ್ದಲದ ಆಟವನ್ನೇ ಹೊರತೆಗೆದೆವು. ಆದರೆ ಗದ್ದಲ ಹೇಳಿದಾಗ ಬರುವುದಿಲ್ಲ. ಔಷಧಿ ಅಂಗಡಿಯವರು ಒಂದು ಜೋಕು ಹೇಳಿ ಅರ್ಧಕ್ಕೇ ನಿಲ್ಲಿಸಿದರು. ನರ್ಸಕ್ಕ ನಗಲು ಹೋಗಿ ಬಿಕ್ಕಿದರು. ಆಗ ಸಾಹೇಬರು ತಮ್ಮ ಖಾಲಿ ಲೋಟವನ್ನು ಮೇಜಿನ ಮೇಲಿಂದ ನನ್ನ ಕಡೆ ನೂಕಿದರು.

"ನಾನಾ?" ಎಂದೆ. ತಲೆ ಆಡಿಸಿದರು.

ಲೋಟ ಬಾಯಿಗೆ ಹಿಡಿದೆ. "ಅಫಜಲಪುರ ಗಾಡಿ… ಎರಡು ಮನಿ… ಮುಂದೆ ಸಾಗಿದೆ."

"ಸರ, ಇದು ಹಾಜರಿ ಕರಿಯೋದಲ್ಲ!" ಎಂದು ಔಷಧಿ ಅಂಗಡಿಯವರು ಕೂಗಿದರು. "ಹಿಂಗ ಕರದ್ರ ಪ್ರಯಾಣಿಕರು ಹೋಂವರ್ಕ್ ತರ್ತಾರ!"

"ನರೋಣಾ ಗಾಡಿ ಬಾಯಿ ಮುಚ್ಕೊಂಡು ಪ್ಲಾಟ್‌ಫಾರ್ಮಿಗೆ ಬರಬೇಕು!" ಎಂದುಬಿಟ್ಟೆ. ಎಷ್ಟನೇ ಪ್ಲಾಟ್‌ಫಾರ್ಮ್ ಎಂದು ತೋಚದೆ ತಡವರಿಸಿದಾಗ ಸಾಹೇಬರು ಎರಡು ಬೆರಳು ತೋರಿಸಿದರು. ಅವರ ಭುಜ ಕುಲುಕುತ್ತಿತ್ತು. ಕೊರಳ ಮೇಲಿನ ಟವೆಲು ಉಸಿರಿಗೆ ಪಟಪಟನೆ ಹಾರುತ್ತಿತ್ತು. ಅದು ಅವರ ನಗು ಎಂದು ತಿಳಿಯಲು ನನಗೊಂದು ಕ್ಷಣ ಬೇಕಾಯಿತು. ಕಿಟಕಿಯನ್ನು ಔಷಧಿ ಅಂಗಡಿಯವರು ತೆರೆದರು.

ಅಂಥ ಶನಿವಾರಗಳು ಏಳು ಸಿಕ್ಕವು. ಆಮೇಲೆ ರೋಗ ಮರಳಿತು, ಮತ್ತೆ ಸೊಲ್ಲಾಪುರ. ಈ ಸಲ ಅವರನ್ನು ಕರೆತಂದದ್ದು ಮಣ್ಣಿಗೆ. ನಾನೂ ಗೋರಿಗೆ ಮೂರು ಹಿಡಿ ಹಾಕಿ ಬಂದೆ.

ಆಪರೇಶನ್ ಆದ ಮೇಲೆ ಅವರು ನಮ್ಮ ಮೇಜಿಗೆ ಬಂದದ್ದು ಒಟ್ಟು ಹತ್ತು ಶನಿವಾರ. ಅದರಲ್ಲಿ ಮೂರನ್ನು ನಾನು ತೆಗೆದುಕೊಂಡೆ, ಅವರ ಒಳ್ಳೆಯದಕ್ಕೆಂದು, ಅಂಚು ಸಮ ಮಾಡಿದ ಚೀಟಿಗಳ ಜೊತೆಗೆ. ಜೀವನದಲ್ಲಿ ನಾನು ಮಾಡಿದ ಚಿಂತೆಗಳಲ್ಲಿ ಬಹುಪಾಲು ಯಾರಿಗೂ ತಾಗದೆ ಹೋಗಿವೆ. ಇದೊಂದು ತಾಗಿತು.

ನಾವು ಮೂವರು ಈಗಲೂ ಸೇರುತ್ತೇವೆ. ಮೂವರಿಗೆ ಆಗುವ ಆಟಗಳನ್ನೇ ತರಿಸುತ್ತೇನೆ. ನಾನು ನಿಯಮ ಹೇಳುವಾಗ ಇಬ್ಬರೂ ಕೈಕಟ್ಟಿ ಕೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಎರಡನೇ ಪುಟವೂ ಪೂರ್ತಿ ಮುಗಿಯುತ್ತದೆ. ಇಷ್ಟು ವರ್ಷ ನಾನು ಕೇಳಿದ್ದು ಇದನ್ನೇ. ಆಟ ಶುರುವಾದ ಮೇಲೆ ಲೋಟ ಹಿಡಿದು ಕೂಗುತ್ತೇನೆ. ಅವರಿಬ್ಬರೂ ನಗುತ್ತಾರೆ, ನನ್ನ ಮರ್ಯಾದೆಗೆ ತುಸು ಹೆಚ್ಚೇ ನಗುತ್ತಾರೆ.

ಹೋದ ವಾರ ಹೊಸದೊಂದು ಆಟ ಕಲಿಸುತ್ತಿದ್ದೆ. ತೆರೆದ ಕಿಟಕಿಯಿಂದ ನಿಲ್ದಾಣದ ಮೈಕು ಅಫಜಲಪುರದ ಬಸ್ಸು ಎರಡನೇ ಪ್ಲಾಟ್‌ಫಾರ್ಮಿನಲ್ಲಿದೆ ಎಂದಿತು, ಆಮೇಲೆ ತಿದ್ದಿಕೊಂಡು ಮೂರನೆಯದು ಎಂದಿತು. ನನ್ನ ಮಾತು ನಿಂತಿತು. ನಾವು ಮೂವರೂ ಖಾಲಿ ಕುರ್ಚಿಯ ಕಡೆ ನೋಡಿದೆವು, ಒಬ್ಬರನ್ನೊಬ್ಬರು ನೋಡಲಿಲ್ಲ.

"ಮುಂದ ಹೇಳ್ರಿ ಸರ" ಎಂದರು ನರ್ಸಕ್ಕ, ಮೆಲ್ಲಗೆ.

"ಜೋರಾಗಿ ಮಾತಾಡ್ರಿ ಅಕ್ಕ" ಎಂದೆ. ನಿಯಮ ಎಲ್ಲಿಗೆ ಬಂದಿತ್ತೆಂದು ಹಾಳೆಯ ಮೇಲೆ ಬೆರಳಿಟ್ಟು ಹುಡುಕತೊಡಗಿದೆ.