ಕೊಟ್ಟು ತಂದ ಪಿಚರ್

ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಆಯುಷ್ಯ ಕಳೆದವನಿಗೆ ಲೋಕದಲ್ಲಿ ಎರಡೇ ಬಗೆಯ ಜನ ಕಾಣುತ್ತಾರೆ: ವರ್ಗವಾಗಿ ಹೋಗುವವರು, ವರ್ಗವಾಗಿ ಬರುವವರು. ನಿವೃತ್ತಿಯಾದ ಮೇಲೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಕಾಶಿಗೆ ಹೋದರು, ಕೆಲವರು ಯೋಗಕ್ಕೆ ಹೋದರು. ನಾನು ಲಿಂಗಂಪಲ್ಲಿಯ ನಮ್ಮ ಮನೆಯ ಹಿಂದಿನ ಬಯಲಿಗೆ ಹೋದೆ. ಅಲ್ಲಿ ಹೆಣ್ಣುಮಕ್ಕಳು ಸಾಫ್ಟ್‌ಬಾಲ್ ಆಡುತ್ತಿದ್ದರು.

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಅಣ್ಣನಿಗಿಂತ ಚೆಂಡು ದಪ್ಪ, ಅಂಗಳ ಚಿಕ್ಕದು, ಗದ್ದಲ ಜಾಸ್ತಿ. ಚೆಂಡು ಎಸೆಯುವವಳು ಪಿಚರ್. ಅವಳು ಕೈಯನ್ನು ಗಾಣದಂತೆ ಒಂದು ಸುತ್ತು ತಿರುಗಿಸಿ, ಸೊಂಟದ ಕೆಳಗಿನಿಂದ ಎಸೆಯುತ್ತಾಳೆ. ಎದುರಿನವಳು ಮೂರು ಸಲ ಬ್ಯಾಟು ಬೀಸಿ ತಪ್ಪಿದರೆ ಔಟು. ಇಷ್ಟು ತಿಳಿದರೆ ಆಟ ನೋಡಬಹುದು. ಇದಕ್ಕಿಂತ ಹೆಚ್ಚು ತಿಳಿಯದೆಯೇ ನಾನು ಒಂದು ವರ್ಷ ಅಧಿಕಾರವಾಣಿಯಿಂದ ಮಾತಾಡಿದ್ದೇನೆ.

ಆ ಬಯಲಿನ ಕ್ಲಬ್ಬಿಗೆ ಎರಡು ತಂಡಗಳಿದ್ದವು. ಮುಖ್ಯ ತಂಡ ಲೀಗ್ ಪಂದ್ಯ ಆಡುತ್ತಿತ್ತು. ಎರಡನೆಯ ತಂಡದಲ್ಲಿ ಮುಂದೆಂದೋ ಮೇಲೇರಬೇಕಾದ ಹುಡುಗಿಯರು ತಮ್ಮತಮ್ಮಲ್ಲೇ ಆಡುತ್ತಿದ್ದರು. ನನ್ನ ನಿಷ್ಠೆ ಎರಡನೆಯ ತಂಡಕ್ಕೆ. ಮುಖ್ಯ ತಂಡದ ಆಟ ನೋಡುವುದು ಬಡಿಸಿಟ್ಟ ಎಲೆಗೆ ಕೂತಂತೆ. ಅದನ್ನು ಯಾರಾದರೂ ಮಾಡಿಯಾರು. ಒಲೆಯ ಮೇಲಿನ ಗಡಿಗೆಯ ಮುಚ್ಚಳ ತೆಗೆದು, ಮೂಗಾಡಿಸಿ, "ಇನ್ನೊಂದು ಕುದಿ ಬರಬೇಕು" ಎನ್ನುವುದಕ್ಕೆ ಅನುಭವ ಬೇಕು. ಯಾರು ಮೇಲೇರುತ್ತಾರೆ, ಯಾರು ಬೇರೆ ಕ್ಲಬ್ಬಿಗೆ ಹೋಗುತ್ತಾರೆ, ಅವರ ಬದಲಿಗೆ ಯಾರು ಬರುತ್ತಾರೆ ಎಂದು ನಾನು ಪ್ರತಿ ಐತವಾರ ಸಾರುತ್ತಿದ್ದೆ. ಬಹಳಷ್ಟು ಸಲ ಸರಿಯಾಗಿಯೇ ಇರುತ್ತಿತ್ತು. ಹೇಳದಿದ್ದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ ಎಂದು ಹೇಳುತ್ತಿದ್ದೇನೆ.

ಕ್ಲಬ್ಬಿನ ಕೋಚ್ ನನ್ನ ವಯಸ್ಸಿನವನೇ, ವಿಜಯಪುರದ ಕಡೆಯವನು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ತಪಾಸಣೆ ಮಾಡಿ ನಿವೃತ್ತನಾದವನು. ಯಾವುದನ್ನಾದರೂ ಸರಿಯಿದೆ ಎಂದು ಒಪ್ಪುವುದು ಅವನ ವೃತ್ತಿಧರ್ಮಕ್ಕೇ ವಿರುದ್ಧ. ಎರಡನೆಯ ತಂಡದ ಪಿಚರ್ ಹುಡುಗಿಯ ಬಗ್ಗೆ ನಾನು ಕೇಳಿದಾಗ ಅವನು ಬಹಳ ಹೊತ್ತು ಯೋಚಿಸಿ, "ಕೆಟ್ಟಾಕಿ ಅಲ್ಲ" ಎಂದಿದ್ದ. ಅವನ ಬಾಯಿಂದ ಅಂಥ ಸ್ತುತಿಯನ್ನು ನಾನು ಆ ಮೊದಲು ಕೇಳಿರಲಿಲ್ಲ.

ಹುಡುಗಿಯ ಮನೆಯವರು ಯಾದಗಿರಿಯ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವರು. ನಮ್ಮ ಬಡಾವಣೆಯ ಸುತ್ತ ಎದ್ದ ಎತ್ತರದ ಮನೆಗಳಲ್ಲಿ ಅವಳ ತಾಯಿ ಇಟ್ಟಿಗೆ ಹೊರದ ಮನೆ ಕಡಿಮೆ. ಮಗಳ ಎಸೆತದಲ್ಲಿ ಒಂದು ವಿಶೇಷವಿತ್ತು. ಚೆಂಡು ನೇರವಾಗಿ ಬಂದು, ಬ್ಯಾಟಿನ ಹತ್ತಿರ ಬರುತ್ತಲೇ ಮೇಲಧಿಕಾರಿಯನ್ನು ಕಂಡ ಗುಮಾಸ್ತನಂತೆ ತಟ್ಟನೆ ತಲೆ ಬಗ್ಗಿಸಿಬಿಡುತ್ತಿತ್ತು. ಹುಡುಗಿಯರು ಅದನ್ನು "ಬಗ್ಗೂ ಚೆಂಡು" ಎನ್ನುತ್ತಿದ್ದರು.

ತೊಡಕೆಂದರೆ, ಮುಖ್ಯ ತಂಡಕ್ಕೆ ಹಿರಿಯ ಪಿಚರ್ ಒಬ್ಬಳಿದ್ದಳು. ಕೋಚ್ ಅವಳನ್ನು ಬಿಡುವವನಲ್ಲ. ರಾಜ್ಯದ ಜೂನಿಯರ್ ತಂಡಕ್ಕೆ ಆರಿಸುವವರು ಬರುತ್ತಿದ್ದುದು ಲೀಗ್ ಪಂದ್ಯಗಳಿಗೆ ಮಾತ್ರ. ಎರಡನೆಯ ತಂಡವನ್ನು ನೋಡುತ್ತಿದ್ದವರು ನಾನು ಮತ್ತು ಎರಡು ಎಮ್ಮೆಗಳು. ಮರುವರ್ಷ ಹುಡುಗಿಗೆ ಜೂನಿಯರ್ ವಯಸ್ಸು ಮೀರುತ್ತಿತ್ತು. ಆ ಹಂಗಾಮಿನಲ್ಲಿ ಅವಳು ಲೀಗ್ ಪಂದ್ಯದಲ್ಲಿ ಚೆಂಡು ಹಿಡಿಯದಿದ್ದರೆ ರಾಜ್ಯ ತಂಡದ ಬಾಗಿಲು ಮುಚ್ಚಿದಂತೆಯೇ.

ಆಗಲೇ ಬೇಗಂಪೇಟೆಯ ಕ್ಲಬ್ಬಿನಿಂದ ಕೇಳಿಕೆ ಬಂತು. ಅವರ ಪಿಚರ್‌ಗೆ ಭುಜ ನೋವು. ನಮ್ಮ ಹುಡುಗಿಯನ್ನು ಕೊಟ್ಟರೆ ಬದಲಿಗೆ ಬಲವಾಗಿ ಹೊಡೆಯುವ ಒಬ್ಬ ಬ್ಯಾಟರ್‌ಳನ್ನು ಕೊಡುತ್ತೇವೆ ಎಂದರು. ನಮ್ಮ ತಂಡದಲ್ಲಿ ಹೊಡೆಯುವವರಿಗೆ ಬರಗಾಲ. ಮಾತುಕತೆ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು.

ಅವರ ಕಾರ್ಯದರ್ಶಿ ಬೀದರ ಜಿಲ್ಲೆಯ ಹೆಣ್ಣುಮಗಳು. ಹೊರಗೆಲ್ಲ ತೆಲುಗಿನಲ್ಲಿ ಗುಡುಗುವ ಆಕೆ ನಮ್ಮ ಹೊಸ್ತಿಲು ದಾಟುತ್ತಲೇ ಕನ್ನಡಕ್ಕೆ ಬಂದರು. ಎರಡೂ ಕಡೆ ಆಟಗಾರ್ತಿಯರ ವಿನಿಮಯ ಹೇಗೆ ಮಾಡಬೇಕೆಂದು ಬಲ್ಲವರು ಯಾರೂ ಇರಲಿಲ್ಲ. ಹೆಣ್ಣು ಕೊಡುವ, ತರುವ ಮಾತು ಮಾತ್ರ ಎಲ್ಲರಿಗೂ ಬರುತ್ತಿತ್ತು. ಹೀಗಾಗಿ ಮಾತು ತಾನೇ ಆ ದಾರಿ ಹಿಡಿಯಿತು.

"ನಿಮ್ಮ ಹುಡುಗಿ ನಮಗ ಪಸಂದ್ ಬಂದಾಳ್ರಿ" ಎಂದರು ಕಾರ್ಯದರ್ಶಿ, ನನ್ನ ಹೆಂಡತಿ ಕೊಟ್ಟ ಅವಲಕ್ಕಿಯ ತಟ್ಟೆ ಹಿಡಿದು.

"ನಮಗೇನ್ ಅವಸರ ಇಲ್ರಿ. ಇನ್ನೂ ಎರಡ್ ಕಡಿಂದ ಕೇಳಾಕತ್ತಾರ" ಎಂದ ಕೋಚ್. ಎಲ್ಲಿಂದಲೂ ಯಾರೂ ಕೇಳಿರಲಿಲ್ಲ.

"ಕೇಳ್ಲಿ ಬಿಡ್ರಿ. ಆದ್ರ ಕೊಡೂದು ಒಳ್ಳೆ ಮನಿ ನೋಡಿ ಕೊಡ್ಬೇಕಲ್ರಿ."

ಬಾಗಿಲ ಬಳಿ ಹುಡುಗಿಯ ಜೊತೆ ಕೂತಿದ್ದ ಅವಳ ತಾಯಿ ತುಸು ಮುಂದೆ ಬಂದಳು. ಸೆರಗು ಸರಿಮಾಡಿಕೊಂಡಳು. "ಸಾಹೇಬ್ರ, ನಾ ಒಂದ್ ಮಾತ್ ಹೇಳ್ಲೇನ್ರಿ? ಇದು ಕೊಟ್ಟು ತರೂ ಸಂಬಂಧ ಆತು. ನಮ್ಮಾಕಿ ಅಲ್ಲಿಗೆ, ಅವರಾಕಿ ಇಲ್ಲಿಗೆ. ನಮ್ಮ ಕಡೆ ಇದಕ್ಕ ಒಂದ್ ನೇಮ ಐತ್ರಿ. ನಮ್ಮಾಕಿಗೆ ಅಲ್ಲಿ ಸುಖ ಇಲ್ಲಂದ್ರ ತಿರುಗಿ ಬರ್ತಾಳ. ಅಕಿ ಬಂದ ದಿನಾನ ಅವರಾಕಿನೂ ತಿರುಗಿ ಹೋಗ್ಬೇಕು."

"ಸುಖ ಅಂದ್ರ ಏನವ್ವಾ?" ಎಂದರು ಕಾರ್ಯದರ್ಶಿ.

"ಚೆಂಡ್ ಒಗಿಯೂದ್ರಿ. ಮತ್ತೇನು, ಬಂಗಾರ ಕೇಳ್ತೀನೇನ್ರಿ? ಸಾಲಾಗಿ ಮೂರು ಆಟ ಕುಂದರಿಸಿದ್ರ ನನ್ನ ಮಗಳು ನನ್ನ ಮನಿಗೆ."

ಲೀಗಿನ ನಿಯಮದಲ್ಲಿ, ಎರಡೂ ಕ್ಲಬ್ಬು ಒಪ್ಪಿದರೆ ಹಂಗಾಮಿನ ನಡುವೆ ಒಮ್ಮೆ ಅದಲುಬದಲಿಗೆ ಅವಕಾಶವಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ, ಷರತ್ತು ಊರ್ಜಿತವೆಂದು ತೀರ್ಪು ಕೊಟ್ಟೆ. ಕಾರ್ಯದರ್ಶಿ "ಮಾತು ಅಂದ್ರ ಮಾತು" ಎಂದರು. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಕಣ ತಂದಳು. ಹೆಣ್ಣುಮಗಳು ಮನೆ ಬಿಟ್ಟು ಹೋಗುವಾಗ ಬರಿಯ ಉಡಿಯಲ್ಲಿ ಕಳಿಸುವುದುಂಟೆ? ಟ್ರ್ಯಾಕ್ ಪ್ಯಾಂಟು ತೊಟ್ಟವಳಿಗೆ ಉಡಿ ಎಲ್ಲಿಂದ ಬರಬೇಕು? ತಾಯಿ ತನ್ನ ಹೆಗಲ ಮೇಲಿನ ಟವೆಲು ಬಿಚ್ಚಿ ಮಗಳ ಮಡಿಲಿಗೆ ಹಾಸಿದಳು. ಹುಡುಗಿ ಅದರಲ್ಲಿ ಅಕ್ಕಿ ತುಂಬಿಸಿಕೊಂಡು ನನ್ನನ್ನೇ ನೋಡಿದಳು.

"ಕಾಕಾ, ನಾ ಬೇಗಂಪ್ಯಾಟಿಗೆ ಹೊಂಟೀನಿ. ಗಂಡನ ಮನಿಗಲ್ಲ."

"ಗಂಡನ ಮನಿಗಾದ್ರ ಇಷ್ಟು ವಿಚಾರ ಮಾಡ್ತಿದ್ವೇನ?" ಎಂದ ಕೋಚ್.

ಹಂಗಾಮು ಶುರುವಾಯಿತು. ನಮಗೆ ಬಂದ ಬ್ಯಾಟರ್ ನಿಜಕ್ಕೂ ರತ್ನ. ಅವಳು ಹೊಡೆದ ಚೆಂಡುಗಳು ಎಮ್ಮೆಗಳನ್ನು ದಾಟಿ ಹೋದವು. ಕೋಚ್ ನಗುವುದನ್ನು ನಾನು ಕಂಡೆ. ತಪಾಸಣೆಗೆ ಒಳಪಡದ ನಗು ಅದು. ನಾನು ಮಾತ್ರ ಐತವಾರ ಲೋಕಲ್ ರೈಲು ಹತ್ತಿ ಬೇಗಂಪೇಟೆಗೆ ಹೋಗುತ್ತಿದ್ದೆ. ವರ್ಗವಾದ ಮೇಲೂ ಕೈಕೆಳಗಿನವರ ಕ್ಷೇಮ ವಿಚಾರಿಸುವುದು ಹಳೆಯ ಚಾಳಿ.

ಮೊದಲ ಪಂದ್ಯಗಳಲ್ಲಿ ನಮ್ಮ ಹುಡುಗಿ ಎಸೆದಳು, ಚೆನ್ನಾಗಿಯೇ ಎಸೆದಳು. ಆದರೆ ಆಯ್ಕೆಗಾರರು ಇನ್ನೂ ಬರತೊಡಗಿರಲಿಲ್ಲ. ಆಮೇಲೆ ಅವರ ಹಳೆಯ ಪಿಚರ್‌ಳ ಭುಜ ವಾಸಿಯಾಯಿತು. ಹುಡುಗಿ ಬೆಂಚಿಗೆ ಬಂದಳು. ವಾರದ ಅಭ್ಯಾಸದಲ್ಲಿ ಉಳಿದವರು ಹೊಡೆದು ಕೈ ಪಳಗಿಸಿಕೊಳ್ಳಲೆಂದು ಅವಳಿಂದ ನೇರ ಚೆಂಡುಗಳನ್ನು ಎಸೆಸುತ್ತಿದ್ದರು. ಐತವಾರ ಬಂದರೆ ಕೂಡಿಸುತ್ತಿದ್ದರು. ಆಯ್ಕೆಗಾರರು ಬಂದು, ಟೋಪಿ ಸರಿಮಾಡಿಕೊಂಡು, ಹೋದರು.

ಮೂರನೆಯ ಸಲ ಅವಳು ಕೂತ ಸಂಜೆ ತಾಯಿ ನಮ್ಮ ಅಂಗಳದಲ್ಲಿ ನಿಂತಿದ್ದಳು. ಕೋಚ್ ಆಗ ನಮ್ಮಲ್ಲೇ ಚಹಾ ಕುಡಿಯುತ್ತಿದ್ದ.

"ಸಾಹೇಬ್ರ, ಮಗಳನ್ನ ಕರಕೊಂಬರೂಣು ನಡೀರಿ."

ಕೋಚ್ ಬಟ್ಟಲು ಕೆಳಗಿಟ್ಟ. "ಇನ್ನೊಂದ್ ನಾಕ್ ದಿನ ತಡಿಯವ್ವ. ನಮ್ಮ ಟೀಮ್ ಈಗ ಭಾಳ ಚೊಲೋ ನಡದೈತಿ."

"ಅದು ನಿಮ್ಮ ಮನಿಗೆ ಬಂದಾಕಿ ಸುಖರಿ. ನಮ್ಮಾಕಿದು ಯಾರ್ ನೋಡ್ಬೇಕ್ರಿ?"

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ಉಡಿ ತುಂಬಿದಾಕಿ ನಾ. ನೀವ್ ಮೂರೂ ಮಂದಿ ಹೋಗಿ ಬರ್ರಿ." ಇದಕ್ಕೆ ಮೇಲ್ಮನವಿ ಇಲ್ಲ.

ಬೇಗಂಪೇಟೆಯಲ್ಲಿ ದೊಡ್ಡ ಜಗಳಕ್ಕೆ ನಾನು ಸಿದ್ಧನಾಗಿದ್ದೆ. ರೈಲಿನಲ್ಲಿ ಕೂತು ಮಾತುಗಳನ್ನು ಹೊಂದಿಸಿಕೊಂಡಿದ್ದೆ. ಕಾರ್ಯದರ್ಶಿ ಬಾಗಿಲಲ್ಲೇ ಕೈಮುಗಿದರು. "ತಪ್ಪು ನಮ್ಮದೈತ್ರಿ. ಮಾತು ಅಂದ್ರ ಮಾತು. ಕರಕೊಂಡ್ ಹೋಗ್ರಿ, ನಮ್ಮಾಕಿನ್ನ ನಾಳೆನ ಕಳಸ್ರಿ." ಚಹಾ ಕೊಟ್ಟರು, ಬಿಸ್ಕೀಟು ಕೊಟ್ಟರು, ರಿಕ್ಷಾದವರೆಗೂ ಬಂದು ಬಿಟ್ಟರು.

ತಿರುಗಿ ಬರುವ ರೈಲಿನಲ್ಲಿ ಕೋಚ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದವನು ಒಮ್ಮೆಲೇ ಹಣೆ ಬಡಿದುಕೊಂಡ. "ಲೇ, ಮುಂದಿನ ಮ್ಯಾಚು ಯಾರ ಜೋಡಿ ಐತಿ?"

ಬೇಗಂಪೇಟೆಯ ಜೋಡಿಯೇ ಇತ್ತು. ಗೆದ್ದವರು ಫೈನಲಿಗೆ. ನಮ್ಮಲ್ಲಿ ಬಂದು ಹೊಡೆತ ಕುದುರಿಸಿಕೊಂಡ ತಮ್ಮ ಬ್ಯಾಟರ್‌ಳನ್ನು ಸಕಾಲಕ್ಕೆ ತವರಿಗೆ ಕರೆಸಿಕೊಳ್ಳಲು ಕಾರ್ಯದರ್ಶಿಗೆ ಇದ್ದ ಹಾದಿ ಒಂದೇ: ನಮ್ಮ ಹುಡುಗಿಯನ್ನು ಬೆಂಚಿನ ಮೇಲೆ ಕೂಡಿಸುವುದು. ಷರತ್ತು ಹಾಕಿದವರು ನಾವು, ಲಾಭ ಅವರದು. ಸೇವೆಯಲ್ಲಿದ್ದಷ್ಟು ಕಾಲ ನಾನು ವರ್ಗಾವಣೆಯ ನಿಯಮಗಳನ್ನು ಹಿಂದುಮುಂದಾಗಿ ಓದುವ ನಿಪುಣರನ್ನು ಕಂಡಿದ್ದೆ. ಈಕೆ ಅವರೆಲ್ಲರ ಗುರುಸ್ಥಾನದಲ್ಲಿ ಕೂರಬೇಕಾದವರು ಎಂದು ಆಗಲೇ ಮನಸ್ಸಿನಲ್ಲಿ ನಮಸ್ಕರಿಸಿದೆ.

"ನಿನ್ನ ಅವ್ವನ ನೇಮ ನಮ್ಮ ಟೀಮ್ ಮುಳುಗಿಸ್ತು" ಎಂದ ಕೋಚ್, ಹುಡುಗಿಯ ಕಡೆ ತಿರುಗಿ.

"ಹಂಗಾದ್ರ ನನಗ ಚೆಂಡು ಕೊಡ್ರಿ ಸರ್, ತೇಲಸ್ತೀನಿ."

ಕೋಚ್ ಕೊಡಲಿಲ್ಲ. ಅಂಥ ಪಂದ್ಯಕ್ಕೆ ಹಿರಿಯ ಪಿಚರ್‌ಳೇ ಬೇಕೆಂದು ಪಟ್ಟು ಹಿಡಿದ. ಐತವಾರ ನಮ್ಮ ಬಯಲಿನಲ್ಲಿ ಜನ ಸೇರಿತು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಆಯ್ಕೆಗಾರರು ಕೂತರು. ಜೂನಿಯರ್ ತಂಡ ಆರಿಸುವ ಮುಂಚೆ ಅವರು ನೋಡುವ ಕೊನೆಯ ಪಂದ್ಯ ಅದು. ತಾಯಿ ಅಂದು ಕೆಲಸಕ್ಕೆ ಹೋಗಿರಲಿಲ್ಲ. ಗೆರೆಯ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದಳು.

ತವರಿಗೆ ಮರಳಿದ ಬ್ಯಾಟರ್ ನಮ್ಮ ಹಿರಿಯ ಪಿಚರ್‌ಳನ್ನು ಹಂಗಾಮಿನುದ್ದಕ್ಕೂ ಅಭ್ಯಾಸದಲ್ಲಿ ಎದುರಿಸಿದವಳು. ಯಾವ ಚೆಂಡು ಯಾವಾಗ ಬರುತ್ತದೆ ಎಂಬುದು ಅವಳಿಗೆ ಮನೆಪಾಠ. ಮೊದಲ ಸಲವೂ ಹೊಡೆದಳು, ಎರಡನೆಯ ಸಲವೂ ಹೊಡೆದಳು. ಎಮ್ಮೆಗಳು ಜಾಗ ಬದಲಿಸಿದವು. ನಮ್ಮ ಕೈಯಲ್ಲಿ ಒಂದೇ ಒಂದು ರನ್ನಿನ ಮುನ್ನಡೆ ಉಳಿಯಿತು. ಇನ್ನು ಅವರದೇ ಕೊನೆಯ ಸರದಿ; ಮೂವರನ್ನು ಔಟು ಮಾಡಿದರೆ ಪಂದ್ಯ ನಮ್ಮದು. ಆ ಮೂವರಲ್ಲಿ ಮೂರನೆಯವಳು ಅವಳೇ.

ಹುಡುಗಿ ಕೋಚನ ಎದುರಿಗೆ ಬಂದು ನಿಂತಳು. "ಸರ್, ಅಕಿ ಅಲ್ಲಿಂದ ಬಂದ ಮ್ಯಾಲೆ ನಾ ಅಲ್ಲಿಗೆ ಹೋಗೀನಿ. ಅಕಿ ನನ್ನ ಚೆಂಡು ನೋಡೇ ಇಲ್ಲ. ಉಳಿದವ್ರಿಗೆ ಅಭ್ಯಾಸದಾಗ ಬರೇ ಸೀದಾ ಹಾಕೀನಿ; ಬಗ್ಗೂದನ್ನ ದೂರದಿಂದ ನೋಡ್ಯಾರ, ಒಮ್ಮಿನೂ ಎದುರಿಸಿಲ್ಲ. ನಾ ಎದುರಿಗೆ ಬಂದ್ರ ಅವ್ರು ಸೀದಾ ಬರ್ತೈತಿ ಅಂತನ ನಿಂದರ್ತಾರ."

ಕೋಚ್ ನನ್ನ ಮುಖ ನೋಡಿದ. "ವರ್ಗ ರದ್ದಾಗಿ ಬಂದವರನ್ನ ಹುದ್ದೆ ಇಲ್ದ ಕುಂದರಿಸಬಾರದು" ಎಂದೆ ನಾನು. ಇಂಥ ನಿಯಮ ಇಲ್ಲ, ಇರಬೇಕಿತ್ತು.

"ಹೋಗು" ಎಂದ.

ಮೊದಲನೆಯವಳು ಸೀದಾ ಚೆಂಡಿಗೆ ಕಾದಳು. ಚೆಂಡು ಬಗ್ಗಿತು. ಮೂರೂ ಸಲ ಗಾಳಿಗೆ ಬೀಸಿ, ಬ್ಯಾಟಿನಲ್ಲಿ ತೂತಿದೆಯೋ ಎಂಬಂತೆ ನೋಡಿಕೊಂಡು ಹೋದಳು. ಎರಡನೆಯವಳು ಅಂಗೈ ದೂರಕ್ಕೆ ಉರುಳಿಸಿ, ಓಡಿ ಗುರಿ ಮುಟ್ಟುವ ಮೊದಲೇ ಔಟಾದಳು. ಆಮೇಲೆ ಆಕೆ ಬಂದಳು, ಅದಲುಬದಲಿನ ಇನ್ನೊಂದು ಅರ್ಧ. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ಎದುರಾಬದುರು ನೋಡಿದರು. ಮೊದಲ ಚೆಂಡು ತಪ್ಪಿತು. ಎರಡನೆಯದನ್ನು ಆಕೆ ಮುಟ್ಟಿದಳು. ಬಲವಾಗಿಯೇ ಮುಟ್ಟಿದಳು, ಗೆರೆಯ ಹೊರಗೆ ಬಿತ್ತು. ಅದೂ ತಪ್ಪಿದ ಲೆಕ್ಕವೇ; ಎರಡು ಸ್ಟ್ರೈಕ್. ಬೇವಿನ ಕೆಳಗಿನವರಲ್ಲಿ ಒಬ್ಬಾಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಮೂರನೆಯ ಚೆಂಡನ್ನು ಹುಡುಗಿ ಸೀದಾ ಹಾಕಿದಳು. ಬಗ್ಗುವುದಕ್ಕೆ ಸಿದ್ಧಳಾಗಿ ಬ್ಯಾಟು ಕೆಳಗೆ ಬೀಸಿದವಳ ಎದೆಯೆತ್ತರದಲ್ಲಿ ಅದು ಹಾದುಹೋಗಿ ಕ್ಯಾಚರ್‌ಳ ಕೈಗವಸಿನಲ್ಲಿ ಠಪ್ಪೆಂದಿತು.

ಗದ್ದಲವೆಲ್ಲ ಇಳಿದ ಮೇಲೆ ಆಯ್ಕೆಗಾರ್ತಿ ಹುಡುಗಿಯನ್ನು ಕರೆದು ಮುಂದಿನ ವಾರದ ಶಿಬಿರಕ್ಕೆ ಬರಲು ಹೇಳಿದರು. ತಾಯಿ ಎದ್ದು ಸೀರೆಯ ಮಣ್ಣು ಕೊಡವಿಕೊಂಡಳು. ಇಷ್ಟಕ್ಕೇ ಇಷ್ಟೊಂದು ದಿನ ಬೇಕಾಯಿತೆ ಎಂಬಂಥ ಮುಖ. ಬೇಗಂಪೇಟೆಯ ಕಾರ್ಯದರ್ಶಿಯೂ ನಗುತ್ತ ಬಂದರು. ಸೋತು ಹೆಚ್ಚು ಹೊತ್ತೂ ಆಗಿರಲಿಲ್ಲ, ಆಗಲೇ ಮುಂದಿನ ವರ್ಷದ ಸಂಬಂಧ ನೋಡಲು ಶುರುಮಾಡಿದ್ದರು.

"ಮುಂದಿನ ವರ್ಷ ಇಕಿನ್ನ ನಮಗ ಮತ್ತ ಕೊಡ್ತೀರೇನವ್ವಾ?"

ತಾಯಿ ಬಾಯಿ ತೆರೆಯುವಷ್ಟರಲ್ಲಿ ಮಗಳೇ ಕುಡಿಯುತ್ತಿದ್ದ ಮಜ್ಜಿಗೆಯ ಲೋಟ ಕೆಳಗಿಳಿಸಿದಳು. "ಯಾವ್ಯಾವ ಮ್ಯಾಚಿಗೆ ನಂಗ ಚೆಂಡು ಕೊಡ್ತೀರಿ, ಮೊದಲ ಅದನ್ನ ಹೇಳ್ರಿ ಮೇಡಂ. ಆಮ್ಯಾಲೆ ವಿಚಾರ ಮಾಡ್ತೀನಿ."

ಕಾರ್ಯದರ್ಶಿ ಬೆರಳು ಮಡಚಿ ಎಣಿಸತೊಡಗಿದರು. ಅವರು ಎರಡನೆಯ ಬೆರಳಿಗೆ ಬರುವಷ್ಟರಲ್ಲಿ ಕೋಚ್ ನಡುವೆ ನುಗ್ಗಿ, ಬಯಲಿಗೆಲ್ಲ ಕೇಳುವಂತೆ ಕೂಗಿ ಹೇಳಿದ:

"ಫೈನಲ್ಲಿಗೆ ಮೊದಲ ಚೆಂಡು ಇಕೀದ ಐತಿ! ಯಾರೂ ಎಣಸ್ಬ್ಯಾಡ್ರಿ!"